ಅಧ್ಯಕ್ಷರ ಬಿಕ್ಕಳಿಕೆ

ನಮ್ಮೂರಲ್ಲಿ ಯಾರಿಗಾದರೂ ಬಿಕ್ಕಳಿಕೆ ಬಂದರೆ ನೀರು ಕೊಡುವ ಪದ್ಧತಿಯಿಲ್ಲ. ‘ಏನ್ ಕೊಟ್ರಿ?’ ಎಂದು ಕೇಳುತ್ತೇವೆ. ಕೇಳಿದವರಿಗೆ ಉತ್ತರ ಹೇಳದೆ ಮುಂದೆ ಹೋಗುವುದು ಅಮರ್ಯಾದೆ. ಇಲ್ಲಿ ಏನನ್ನಾದರೂ ದಾನ ಕೊಟ್ಟವರು ಅದು ಬಳಕೆಯಾಗುವುದನ್ನು ಹುಣ್ಣಿಮೆ ಹುಣ್ಣಿಮೆಗೂ ಕಣ್ಣಾರೆ ನೋಡಬೇಕು. ನೋಡಿದರೆ ಸುಖ. ನೋಡಲಿಲ್ಲವೋ, ಅವತ್ತಿನಿಂದ ಬಿಕ್ಕಳಿಕೆ ಹಿಡಿಯುತ್ತದೆ, ನೋಡುವ ತನಕ, ಇಲ್ಲವೇ ಆ ವಸ್ತು ಭೂಮಿಯ ಮೇಲಿಂದ ಹೋಗುವ ತನಕ ಬಿಡುವುದಿಲ್ಲ. ಕೊಟ್ಟದ್ದನ್ನು ವಾಪಸು ಕೈಗೆ ತೆಗೆದುಕೊಂಡರೂ ನಿಲ್ಲುತ್ತದೆ ಎನ್ನಿ. ಆದರೆ ಕೊಟ್ಟು ಕಿತ್ತುಕೊಂಡವನೆಂಬ ಹೆಸರು ಹೊತ್ತು ತಿರುಗುವುದಕ್ಕಿಂತ ಬಿಕ್ಕಳಿಸುವುದೇ ವಾಸಿ. ಹಾಗಾಗಿ ಹುಣ್ಣಿಮೆಯ ಬೆಳಗ್ಗೆ ಊರಿಗೆ ಊರೇ ಪೇಟೆ ಮೈದಾನದಲ್ಲಿ ಸೇರುತ್ತದೆ. ಪಡೆದವರು ಕೊಟ್ಟವರಿಗೆ ತೋರಿಸುತ್ತಾರೆ. ಇದಕ್ಕೆ ನಾವು ತೋರಿಕೆ ಎನ್ನುತ್ತೇವೆ.

ಇದರಿಂದ ನಮಗೇನೂ ತೊಂದರೆಯಿರಲಿಲ್ಲ. ನನ್ನ ನಾದಿನಿ ಕೊಟ್ಟ ಗಿಳಿಹಸಿರು ಸೀರೆಯ ಮೇಲೆ ಚಹಾ ಕಪ್ಪುಗಳ ಚಿತ್ರವಿದೆ, ಮೈತುಂಬ. ಹುಣ್ಣಿಮೆಗೊಮ್ಮೆ ಅದನ್ನುಟ್ಟು ಅವಳೆದುರು ಒಂದು ಸುತ್ತು ತಿರುಗಿ ಬರುತ್ತೇನೆ. ನಮ್ಮ ಮಾವನವರಿಗೆ ಅವರ ತಮ್ಮ ಬೆಳ್ಳಿ ಹಿಡಿಯ ಊರುಗೋಲು ಕೊಟ್ಟಿದ್ದರು. ಕಾಲು ಗಟ್ಟಿಮುಟ್ಟಾಗಿದ್ದರೂ ಪಾಪ, ಅವತ್ತೊಂದು ದಿನ ಕುಂಟಬೇಕಿತ್ತು. ಔಷಧಿ ಕೊಟ್ಟರೆ ಎದುರಿಗೇ ನುಂಗಬೇಕು, ಸೋಪು ಕೊಟ್ಟರೆ ಎದುರಿಗೇ ಕೈ ತೊಳೆಯಬೇಕು. ಒಳಉಡುಪನ್ನು ಮಾತ್ರ ಇಲ್ಲಿ ಯಾರೂ ಯಾರಿಗೂ ಕೊಡುವುದಿಲ್ಲ. ಅಂಥವನ್ನು ಅವರವರೇ ಅಂಗಡಿಯಲ್ಲಿ ಕೊಂಡುಕೊಳ್ಳುತ್ತಾರೆ. ಕೊಂಡದ್ದಕ್ಕೆ ಬಿಕ್ಕಳಿಕೆಯಿಲ್ಲ.

ಗುಡ್ಡದಾಚೆ ಗಲಾಟೆಯಾಗಿ ಊರುಗಳಿಗೆ ಬೆಂಕಿ ಬಿದ್ದ ವರ್ಷ ಅಲ್ಲಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನಮ್ಮೂರಿಗೆ ನಡೆದು ಬಂದರು. ಗಂಡಸರು ಬಹಳ ಕಡಿಮೆ. ಇದ್ದವರಲ್ಲಿ ಮುದುಕರೇ ಹೆಚ್ಚು. ನನ್ನ ಗಂಡ ಗುರುಮಲ್ಲಪ್ಪನವರು ಪುರಸಭೆಯ ಅಧ್ಯಕ್ಷರು. ಆ ರಾತ್ರಿಯೇ ಪರಿಹಾರ ಸಮಿತಿಯೊಂದು ಹುಟ್ಟಿ ಅದಕ್ಕೂ ಅವರೇ ಅಧ್ಯಕ್ಷರಾದರು. ನಮ್ಮದೊಂದು ಮುಚ್ಚಿಹೋದ ಟಾಕೀಸಿತ್ತು. ಬಂದವರನ್ನೆಲ್ಲ ಅದರೊಳಗೆ ಇಳಿಸಿದರು. ‘ಇವರು ನಮ್ಮ ಅತಿಥಿಗಳು. ಅತಿಥಿಗಳ ಕೈಲಿ ಕೆಲಸ ಮಾಡಿಸಿದರೆ ಊರಿನ ಮಾನ ಏನಾಗಬೇಕು?’ ಎಂದು ಸಮಿತಿ ಒಂದು ಠರಾವು ಮಾಡಿತು. ಅಲ್ಲಿಗೆ ಅವರು ಕೂಲಿ ಮಾಡುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ. ಕೈಗೆ ಕಾಸು ಬರುವ ದಾರಿಯೇ ಇಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ತೋರಿಸಬೇಕು.

ಊರು ಕೊಟ್ಟಿತು ನೋಡಿ! ಮೈದಾನದಲ್ಲಿ ನಿಂತು ನೋಡುವಾಗ ಚೆಂದ ಕಾಣಬೇಕಲ್ಲ, ಅಂಥವನ್ನೇ ಹುಡುಕಿ ಹುಡುಕಿ ಕೊಟ್ಟಿತು. ಗೋಡೆ ಗಡಿಯಾರಗಳು ಬಂದವು. ಉಣ್ಣೆಯ ಕಂಬಳಿಗಳು ಬಂದವು. ಹೂದಾನಿಗಳು ಬಂದವು. ಜವಳಿ ಅಂಗಡಿಯವರು ಮಿರಮಿರ ಮಿಂಚುವ ನೈಲೆಕ್ಸ್ ಸೀರೆ ಕೊಟ್ಟರು. ಮೊದಲ ತೋರಿಕೆಯ ದಿನ ಸುಡುಬಿಸಿಲು. ಆ ಹೆಂಗಸರು ನೈಲೆಕ್ಸ್ ಉಟ್ಟು, ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಗಡಿಯಾರ ಹಿಡಿದು ಸಾಲಾಗಿ ನಿಂತಿದ್ದರು. ಕೊಟ್ಟವರೆಲ್ಲ ನೋಡಿ ಸಂತೃಪ್ತರಾಗಿ ಮನೆಗೆ ಹೋಗಿ ಎಳನೀರು ಕುಡಿದರು.

ನಮ್ಮ ಯಜಮಾನರು ಕೊಟ್ಟದ್ದು ಬ್ಯಾನರು. ಚುನಾವಣೆಗೆಂದು ರಾಶಿ ರಾಶಿ ಮಾಡಿಸಿದ್ದರು. ಅವಿರೋಧವಾಗಿ ಆಯ್ಕೆಯಾದ್ದರಿಂದ ಗಂಟು ಬಿಚ್ಚದೆ ಹಾಗೇ ಉಳಿದಿದ್ದವು. ಒಳ್ಳೆಯ ದಪ್ಪ ಹತ್ತಿ ಬಟ್ಟೆ. ಒಂದು ತುದಿಯಲ್ಲಿ ಅವರ ನಗುಮುಖ, ಉಳಿದುದ್ದಕ್ಕೂ ‘ನಿಮ್ಮ ಸೇವೆಗೆ ಸದಾ ಸಿದ್ಧ’ ಎಂಬ ದೊಡ್ಡ ಅಕ್ಷರ. ‘ಟಾಕೀಸಿನೊಳಗೆ ಅಡ್ಡ ಕಟ್ಟಿಕೊಂಡರೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಆಗ್ತದೆ’ ಎಂದು ಹೇಳಿ ಕೊಟ್ಟರು. ಮೊದಲ ತಿಂಗಳು ತಾವೇ ಹೋಗಿ, ಸಾಲು ಸಾಲು ತಮ್ಮ ಮುಖಗಳ ನಡುವೆ ಓಡಾಡಿ ಬಂದು, ‘ಎಷ್ಟು ಲಕ್ಷಣವಾಗಿದೆ ಗೊತ್ತಾ ಗೌರು’ ಎಂದರು.

ಅದಾದ ಮೇಲೆ ಹೊರಗಿನ ಒಂದು ನೆರವು ಸಂಸ್ಥೆಯಿಂದ ಮಾಳವಿಕಾ ಎಂಬ ಮೇಡಂ ಬಂದರು. ಚಿಕ್ಕ ವಯಸ್ಸು, ಜೇಬುಗಳೇ ತುಂಬಿದ ಕೋಟು, ಚುರುಕು ನಡಿಗೆ. ಲಾರಿ ತುಂಬ ಪೆಟ್ಟಿಗೆ ತಂದಿದ್ದರು. ಪೆಟ್ಟಿಗೆಯ ಮೇಲೆ ‘ಘನತೆಯ ಕಿಟ್’ ಎಂದು ಅಚ್ಚಾಗಿತ್ತು. ಸಮಿತಿ ನಮ್ಮ ಮನೆಯ ಹಜಾರದಲ್ಲೇ ಸೇರಿತ್ತು. ನಾನು ಕಾಫಿ ಕೊಡುತ್ತಿದ್ದೆ. ಮೇಡಂ ಒಂದು ಪೆಟ್ಟಿಗೆ ತೆರೆದು ಒಂದೊಂದಾಗಿ ಮೇಜಿನ ಮೇಲಿಟ್ಟರು. ಸೋಪು. ಬಾಚಣಿಗೆ. ಒಂದು ಸೀಟಿ, ಅಪಾಯ ಬಂದರೆ ಊದುವುದಕ್ಕೆ. ಆಮೇಲೆ ಸ್ಯಾನಿಟರಿ ಪ್ಯಾಡಿನ ಪೊಟ್ಟಣಗಳು. ಅವನ್ನು ಇಟ್ಟದ್ದೇ ತಡ, ಸಮಿತಿಯ ಗಂಡಸರೆಲ್ಲ ಒಮ್ಮೆಲೇ ಸೂರು ನೋಡತೊಡಗಿದರು. ನಮ್ಮ ಸೂರಿನಲ್ಲಿ ನೋಡುವಂಥದ್ದು ಏನೂ ಇಲ್ಲ.

‘ತಿಂಗಳ ಮುಟ್ಟಿಗೆ ಈ ಹೆಂಗಸರು ಏನು ಬಳಸ್ತಿದಾರೆ ಅಂತ ಸಮಿತಿ ವಿಚಾರಿಸಿದೆಯಾ?’ ಎಂದು ಮೇಡಂ ಕೇಳಿದರು.

ಕಾರ್ಯದರ್ಶಿ ಕೆಂಪಣ್ಣನವರು ಫ್ಯಾನು ಜೋರು ಮಾಡಲು ಎದ್ದು ಹೋದರು. ನಮ್ಮ ಯಜಮಾನರು ಗಂಟಲು ಸರಿ ಮಾಡಿಕೊಂಡು, ‘ಆ ಥರದ್ದೇನೂ ಇನ್ನೂ ನಮ್ಮ ಗಮನಕ್ಕೆ ಬಂದಿಲ್ಲ’ ಎಂದರು. ಆ ಥರದ್ದು ಏನೋ ಗುಡ್ಡದಾಚೆಯ ರೋಗ, ಬಂದರೆ ಮೊದಲು ಪುರಸಭೆಗೆ ಅರ್ಜಿ ಹಾಕುತ್ತದೆ ಎನ್ನುವ ಹಾಗೆ.

ಮೇಡಂ ಪೆಟ್ಟಿಗೆಗಳನ್ನು ಸಮಿತಿಗೆ ಒಪ್ಪಿಸಿ, ಎಲ್ಲರೊಡನೆ ಫೋಟೋ ತೆಗೆಸಿಕೊಂಡು ಹೋದರು. ಲಾರಿಯ ಧೂಳು ಅಡಗುವ ಮೊದಲೇ ಹಜಾರದಲ್ಲಿ ಗುಜುಗುಜು. ಸೋಪು ಕೊಡಬಹುದು, ಬಾಚಣಿಗೆ ಕೊಡಬಹುದು. ಈ ವಸ್ತುವನ್ನು ಯಾರ ಕೈಯಿಂದ ಕೊಡುವುದು? ಕೊಟ್ಟವರಿಗೆ ತೋರಿಕೆ ಆಗಬೇಕಲ್ಲ. ಆಗದಿದ್ದರೆ ಬಿಕ್ಕಳಿಕೆ. ಬಿಕ್ಕಳಿಕೆ ಬಂದರೆ ದಾರಿಯಲ್ಲಿ ಹೋಗುವವನೊಬ್ಬ ‘ಏನ್ ಕೊಟ್ರಿ?’ ಅನ್ನುತ್ತಾನೆ. ಆಗ ಏನು ಹೇಳುವುದು? ‘ಶಿವ ಶಿವಾ’ ಎಂದರು ಕೆಂಪಣ್ಣ. ಕೊನೆಗೆ ಪೊಟ್ಟಣಗಳನ್ನೆಲ್ಲ ತೆಗೆದು ಮೈದಾನದ ಪಕ್ಕದ ಸಮಿತಿ ಕಚೇರಿಯ ಕೋಣೆಯಲ್ಲಿ ಬೀಗ ಹಾಕಿಟ್ಟರು. ಒಂದಿಷ್ಟನ್ನು ಕೆಂಪಣ್ಣ ಸೋರುವ ಕೊಳಾಯಿಯ ಕೆಳಗೆ ಒತ್ತಿಟ್ಟು, ‘ಏನ್ ಹೀರ್ತದೆ ಅಂತೀರಾ!’ ಎಂದು ಮೆಚ್ಚಿಕೊಂಡರಂತೆ. ಘನತೆಯಲ್ಲಿ ಉಳಿದದ್ದು ಸೋಪು, ಬಾಚಣಿಗೆ, ಸೀಟಿ. ಎರಡನೆಯ ತೋರಿಕೆಯಲ್ಲಿ ಅಷ್ಟೂ ಹೆಂಗಸರು ಸಾಲಾಗಿ ನಿಂತು ತಲೆ ಬಾಚಿ, ಕೈ ತೊಳೆದು, ಸೀಟಿ ಊದಿದರು. ಊರಿನ ನಾಯಿಗಳೆಲ್ಲ ಓಡಿ ಬಂದವು. ಸಮಿತಿ ಚಪ್ಪಾಳೆ ತಟ್ಟಿತು.

ಅವತ್ತೇ ನಮ್ಮ ಯಜಮಾನರು ಬ್ಯಾನರು ನೋಡಲು ಟಾಕೀಸಿಗೆ ಹೋದರೆ ಒಂದೂ ಇಲ್ಲ. ಕಟ್ಟಿದ್ದ ಹಗ್ಗಗಳು ಬರಿದಾಗಿ ಜೋತಾಡುತ್ತಿದ್ದವು. ಕೇಳಿದರೆ ಹೆಂಗಸರು ನೆಲ ನೋಡಿದರಂತೆ. ಮನೆಗೆ ಬಂದು ಊಟಕ್ಕೆ ಕೂತು ಮೊದಲ ತುತ್ತು ಎತ್ತುವಾಗ ಶುರುವಾಯಿತು.

ಬಿಕ್ಕಳಿಕೆ ಎಂದರೆ ಎಂಥದು! ಮಾತಿನ ಮಧ್ಯೆ, ಪೂಜೆಯ ಮಧ್ಯೆ, ಸಹಿ ಹಾಕುವಾಗ. ಪುರಸಭೆಯ ಆ ತಿಂಗಳ ಕಾಗದಗಳಲ್ಲಿ ಅವರ ಸಹಿಯ ಬಾಲವೆಲ್ಲ ಹಾರಿಕೊಂಡು ಹೋಗಿದೆ. ಬೀದಿಯಲ್ಲಿ ನಾಲ್ಕು ಹೆಜ್ಜೆ ಇಡುವುದರೊಳಗೆ ಒಬ್ಬರು ‘ಏನ್ ಕೊಟ್ರಿ ಅಧ್ಯಕ್ಷರೇ?’ ಅನ್ನುವರು. ‘ಬ್ಯಾ... ಬ್ಯಾನರು’ ಅನ್ನಬೇಕು. ‘ಏನಾಯ್ತು ಬ್ಯಾನರು?’ ‘ಗೊ... ಗೊತ್ತಿಲ್ಲ.’ ಸಿಟ್ಟಿನಿಂದ ಅವರ ಮುಖ ಊದಿಕೊಂಡಿತ್ತು. ‘ಮಾರ್ಕೊಂಡಿದಾರೆ ಕಣೇ. ಅನ್ನ ಹಾಕಿದ ಕೈಗೇ... ಈ ಕೆಲಸ! ನೀನು ಹೋಗಿ ನೋಡ್ಕೊಂಡು ಬಾ. ಹೆಂಗಸರ ಹತ್ರ ಬಾಯಿ ಬಿಡ್ತಾರೆ’ ಎಂದು ನನ್ನನ್ನು ಕಳಿಸಿದರು.

ಟಾಕೀಸಿನೊಳಗೆ ನಾನು ಹೋದದ್ದು ವರ್ಷಗಳ ಮೇಲೆ. ಕಿಟಕಿಯಿಲ್ಲದ ಹಾಲು, ಹಗಲಲ್ಲೂ ಕತ್ತಲು. ಮುಗ್ಗಲು ವಾಸನೆಯ ಜತೆ ಇನ್ನೊಂದು ವಾಸನೆ. ಅದು ಯಾವುದೆಂದು ಹೆಂಗಸಾದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೋಡೆಯ ಮೇಲೆ ಗಡಿಯಾರಗಳು ಸಾಲಾಗಿ ಟಿಕ್ ಟಿಕ್ ಎನ್ನುತ್ತಿದ್ದವು, ಒಂದೊಂದೂ ಒಂದೊಂದು ಹೊತ್ತು. ಸಾವಂತ್ರವ್ವ ಎಂಬ ಹೆಂಗಸು ಎದ್ದು ಬಂದಳು. ತನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾದ ಅಂಗಡಿ ಇಟ್ಟಿದ್ದವಳು. ಐವತ್ತರ ಮೇಲಾಗಿತ್ತು, ಬಾಯಿ ಚುರುಕು. ಅಲ್ಲಿದ್ದವರೆಲ್ಲ ಅವಳ ಮಾತು ಕೇಳುತ್ತಿದ್ದರು.

‘ಬರ್ರಿ ಅಮ್ಮಾರ. ಬ್ಯಾನರ್ ನೋಡಾಕ ಬಂದೀರೇನು?’

‘ಹೂಂ. ಏನಾಯ್ತು ಸಾವಂತ್ರವ್ವ? ನಮ್ಮನೆಯವರು ಊಟ ಮಾಡೋಕಾಗ್ತಿಲ್ಲ, ನಿದ್ದೆ ಮಾಡೋಕಾಗ್ತಿಲ್ಲ.’

ಅವಳು ನನ್ನನ್ನು ಕುರ್ಚಿಗಳ ಕಡೆಯ ಸಾಲಿಗೆ ಕರೆದುಕೊಂಡು ಹೋದಳು. ಬಗ್ಗಿ ನೋಡಿದೆ. ಕುರ್ಚಿಗಳ ಅಡಿಯಲ್ಲಿ ದಾರ ಕಟ್ಟಿ ಬಟ್ಟೆಯ ತುಂಡುಗಳನ್ನು ಒಣಹಾಕಿದ್ದರು. ಒಣಹಾಕಿದ್ದರು ಎನ್ನುವುದು ಮಾತಿಗೆ. ಗಾಳಿಯಿಲ್ಲದ ಆ ಕತ್ತಲಲ್ಲಿ ಒಂದೂ ಒಣಗಿರಲಿಲ್ಲ. ಕಂದುಗಟ್ಟಿದ ಒಂದು ತುಂಡಿನ ಮೇಲೆ ‘ಸೇವೆ’ ಎಂದು ಓದಲು ಬರುತ್ತಿತ್ತು. ಇನ್ನೊಂದರ ಮೇಲೆ ನನ್ನ ಗಂಡನ ಎಡಗಡೆ ಮೀಸೆ.



‘ಸಿಟ್ಟಾಗಬ್ಯಾಡ್ರಿ’ ಎಂದಳು ಸಾವಂತ್ರವ್ವ. ‘ಅಕ್ಷರದ ಕಡೀಲಿಂದ ಹರಕೋತ ಬಂದ್ವಿ. ಯಜಮಾನ್ರ ಮಾರಿಗೆ ಕತ್ರಿ ಹಚ್ಚಬಾರದಂತ ಬಾಳ ದಿನ ಬಿಟ್ಟಿದ್ವಿ. ಅಕ್ಷರ ಮುಗದ್ವು. ಏನ್ ಮಾಡೂಣ್ರಿ?’

‘ಮೊದಲೇ ಹೇಳಬಾರದಿತ್ತಾ? ಬಾಯಿ ಬಿಟ್ಟು ಕೇಳಬಾರದಿತ್ತಾ?’

‘ಕೇಳಿದ್ವಲ್ಲರಿ. ನಿಮ್ಮ ಯಜಮಾನ್ರನ್ನ ಕೇಳಿದ್ವಿ, ಅರಿವಿ ಬೇಕು, ಬಟ್ಟಿ ಬೇಕು ಅಂತ. ನೈಲೆಕ್ಸ್ ಸೀರಿ ಕೊಡಿಸಿದ್ರು. ಅದರ ಮ್ಯಾಲ ನೀರ್ ಹಾಕಿದ್ರ ಜಾರಿ ಹೊಕ್ಕದ, ಒಂದ್ ಹನಿ ಹಿಡಿಯೂದಿಲ್ಲ. ಹತ್ತೀದು ಬೇಕ್ರಿ, ಹೆಣ್ಮಕ್ಕಳು ಕಡಿಗಾಗ್ತಾರ, ತಿಂಗಳಾ ಬೇಕಾಗ್ತದ ಅಂದೆ. ಅಷ್ಟು ಅನ್ನೂದ್ರಾಗ ಅವರು ಗೇಟಿನ ಆಚಿಕಿದ್ರು.’

ಗೋಡೆಯ ಮೂಲೆಯಲ್ಲಿ ಒಂದು ಕಂಬಳಿಯ ಗುಡ್ಡೆ ಅಲುಗಾಡಿತು. ಒಳಗೊಂದು ಹುಡುಗಿ. ಕಸ್ತೂರಿ ಅಂತ ಹೆಸರು, ತಾಯಿ ದಾರಿಯಲ್ಲೇ ತೀರಿಹೋಗಿದ್ದಳು. ಈ ಟಾಕೀಸಿಗೆ ಬಂದ ಮೇಲೆಯೇ ದೊಡ್ಡವಳಾಗಿದ್ದಳು. ಮುಖ ಬೆಂಕಿಯ ಹಾಗೆ ಕೆಂಪಗಿತ್ತು. ಮುಟ್ಟಿದರೆ ಕೈ ಸುಡುತ್ತಿತ್ತು. ಒದ್ದೆ ಬಟ್ಟೆಯನ್ನೇ ಮತ್ತೆ ಮತ್ತೆ ಇಟ್ಟುಕೊಂಡು ತೊಡೆಯ ಸಂದಿಯೆಲ್ಲ ಬಿರಿದು ಹುಣ್ಣಾಗಿ, ಹುಣ್ಣು ಕೀವಾಗಿ, ಜ್ವರ ಏರಿತ್ತು. ನಡೆಯಲು ಆಗದು, ಕೂರಲು ಆಗದು. ನಾನು ಹತ್ತಿರ ಹೋದಾಗ ಅವಳು ಗಡಬಡಿಸಿ ದಿಂಬಿನ ಕೆಳಗಿನಿಂದ ಬಾಚಣಿಗೆ ತೆಗೆದು ತಲೆ ಬಾಚತೊಡಗಿದಳು. ತೋರಿಕೆಗೆ ಬಂದವಳು ಎಂದುಕೊಂಡಿದ್ದಳು.

‘ಬೇಡಮ್ಮ, ಬಾಚ್ಕೋಬೇಡ’ ಎಂದೆ. ಆ ಕೈ ಹಿಡಿದು ಕೆಳಗಿಳಿಸಿದೆ.

ಡಾಕ್ಟರನ್ನು ಕರೆಸಿದೆ. ಅವರು ಮಾತ್ರೆ, ಮುಲಾಮು ಬರೆದುಕೊಟ್ಟು, ‘ಏನೇ ಕೊಟ್ರೂ ಮೊದಲು ಒಣಗಿದ ಬಟ್ಟೆ ಕೊಡಿ. ಇಲ್ಲಾಂದ್ರೆ ನಾನು ಬರೆದುಕೊಟ್ಟದ್ದು ದಂಡ’ ಎಂದರು. ಮನೆಗೆ ಹೋಗಿ ನನ್ನ ಹಳೆಯ ಹತ್ತಿ ಸೀರೆಗಳನ್ನೆಲ್ಲ ತಂದು ಹರಿದು ಕೊಟ್ಟೆ. ಮಾತ್ರೆಯನ್ನು ಕಸ್ತೂರಿ ನನ್ನೆದುರೇ ನುಂಗಿದಳು. ಬಟ್ಟೆ ತೋರಿಸು ಎಂದು ನಾನು ಕೇಳಲಿಲ್ಲ. ಹುಣ್ಣಿಮೆಗೆ ನನಗೇನು ಕಾದಿದೆಯೆಂದು ಗೊತ್ತಿತ್ತು. ಆದರೆ ಅಷ್ಟು ಜನ ಹೆಂಗಸರಿಗೆ ನನ್ನ ಪೆಟ್ಟಿಗೆಯ ಸೀರೆಗಳು ಎಲ್ಲಿಗೆ ಸಾಕು?

ಮಧ್ಯಾಹ್ನ ಯಜಮಾನರ ಎದುರು ನಿಂತೆ. ‘ಆ ಕೋಣೆಯ ಬೀಗದ ಕೈ ಕೊಡಿ’ ಎಂದೆ.

‘ಯಾ... ಯಾಕೆ?’

‘ಮೇಡಂ ಬಿಟ್ಟು ಹೋದ ಪೊಟ್ಟಣ ಹಂಚ್ತೀನಿ.’

‘ಆ ವಿಷಯ ನನ್ನ ಹತ್ರ ಎತ್ತಬೇಡ.’

‘ನಿಮ್ಮ ಬ್ಯಾನರು ಏನಾಯ್ತು ಅಂತ ಗೊತ್ತಾಯ್ತು. ಅದೂ ಇದೇ ವಿಷಯ...’

‘ಎತ್ತಬೇಡ ಅಂದ್ನಲ್ಲ! ಹೆಂಗಸರ ವಿಷಯ ಬೇರೆ, ಬ್ಯಾ... ಬ್ಯಾನರಿನ ವಿಷಯ ಬೇರೆ. ಬ್ಯಾನರಿಗೆ ಮೈದಾನದಲ್ಲೇ ಉತ್ತರ ಕೇಳ್ತೀನಿ.’

‘ನಾನು ಕೊಡ್ತೀನಿ, ಬಿಕ್ಕಳಿಕೆ ನನಗೆ ಬರಲಿ. ನಿಮಗೇನು ಕಷ್ಟ?’

‘ಅಧ್ಯಕ್ಷರ ಹೆಂಡತಿ ಬೀದೀಲಿ ಬಿಕ್ಕಳಿಸ್ಕೊಂಡು ಹೋಗ್ತಾ ಇದ್ರೆ ಜನ ಏನ್ ಕೊಟ್ರಿ ಅಂತ ಕೇಳಲ್ವಾ? ಆಗ ಏನ್ ಹೇಳ್ತೀಯ? ಆ ಮಾ... ಮಾತು ಬಾಯಲ್ಲಿ ಆಡ್ತೀಯಾ?’ ಎಂದು ಕಿವಿಯ ತನಕ ಕೆಂಪಾಗಿ ಎದ್ದು ಹೋದರು. ಈ ಮನುಷ್ಯನ ಎರಡು ಮಕ್ಕಳನ್ನು ನಾನು ಹೆತ್ತಿದ್ದೇನೆ. ಆ ಮಕ್ಕಳು ಕೊರಿಯರಿನಲ್ಲಿ ಬಂದವೆಂದು ಅವರು ತಿಳಿದಿರಬೇಕು.

ಹುಣ್ಣಿಮೆಯ ಬೆಳಗ್ಗೆ ಮೈದಾನ ತುಂಬಿತ್ತು. ಬ್ಯಾನರು ಕದ್ದವರಿಗೆ ಶಾಸ್ತಿ ಆಗುತ್ತದಂತೆ ಎಂಬ ಸುದ್ದಿ ಹಬ್ಬಿ, ಸಾಮಾನ್ಯವಾಗಿ ಬಾರದವರೂ ಬಂದಿದ್ದರು. ಯಜಮಾನರು ವೇದಿಕೆ ಹತ್ತಿ ಮೈಕು ಹಿಡಿದರು. ನಾಲ್ಕು ಮೂಲೆಗೆ ಕಟ್ಟಿದ ಲೌಡ್‌ಸ್ಪೀಕರಿನಲ್ಲಿ ಅವರ ಬಿಕ್ಕಳಿಕೆ ಗುಂಡು ಹಾರಿಸಿದ ಹಾಗೆ ಕೇಳುತ್ತಿತ್ತು. ‘ನಾನು ಕೊಟ್ಟ ಬ್ಯಾನರು ಎಲ್ಲಿ? ಬಳಕೆಯಲ್ಲಿದ್ದರೆ ತೋರಿಸಲಿ. ಇಲ್ಲಾಂದ್ರೆ ವಾ... ವಾಪಸು ಕೊಡಲಿ. ಕೊಟ್ಟು ಕಿತ್ತುಕೊಂಡ ಅಂತ ಹೆಸರು ಬಂದ್ರೂ ಪರವಾಗಿಲ್ಲ!’

ಸಾವಂತ್ರವ್ವ ಗುಂಪಿನಿಂದ ಹೊರಬಂದಳು. ಕಂಕುಳಲ್ಲಿ ಒಂದು ಗಂಟು. ನಿಧಾನ ಮೆಟ್ಟಿಲು ಹತ್ತಿ ಅವರೆದುರು ನಿಂತಳು. ಮೈಕು ನಡುವೆ ಇತ್ತು. ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

‘ಯಜಮಾನ್ರ, ನಿಮ್ಮ ಬ್ಯಾನರ್ ಒಂದೂ ನಾವು ಮಾರಿಲ್ಲ. ಎಲ್ಲಾ ಬಳಕಿಯೊಳಗ ಅದಾವ. ಈಗೂ ಅದಾವ, ಈ ಮೈದಾನದಾಗ, ಈ ಹೊತ್ತಿನಾಗ. ಇಲ್ಲಿ ನಿಂತ ನಮ್ಮ ಹೆಣ್ಮಕ್ಕಳೊಳಗ ಯಾರು ಯಾರು ಕಡಿಗಾಗ್ಯಾರ, ಅವರ ಹತ್ರ ಅದಾವ. ತೋರಸ್ರಿ ಅಂತ ನೀವು ಬಾಯಿ ಬಿಟ್ಟು ಹೇಳ್ರಿ. ತೋರಸ್ತೀವಿ.’

ಗಂಡಸರೆಲ್ಲ ಮತ್ತೆ ಮೇಲೆ ನೋಡುತ್ತಿದ್ದರು. ಈ ಸಲ ಸೂರೂ ಇರಲಿಲ್ಲ, ಬರೀ ಆಕಾಶ. ಲೌಡ್‌ಸ್ಪೀಕರಿನಲ್ಲಿ ಒಂದು ಬಿಕ್ಕಳಿಕೆ ಸಿಡಿಯಿತು.

‘ಇಲ್ಲಾ, ವಾಪಸ್ ಬೇಕಂದ್ರ ಇಲ್ಲಿ ಕೆಲವು ತಂದೀನಿ’ ಎಂದು ಸಾವಂತ್ರವ್ವ ಗಂಟು ಬಿಚ್ಚಿ ಎರಡು ಕೈಯಲ್ಲಿ ಮುಂದೆ ಹಿಡಿದಳು. ‘ತೊಳದೀವ್ರಿ. ಬಿಸಲಿಗೆ ಹಾಕಾಕ ಜಾಗಾ ಇಲ್ಲ, ಅದಕ್ಕ ಹಸಿ ಅದಾವ. ಹಿಡೀರಿ.’

ಮೇಲಿನ ತುಂಡಿನಿಂದ ಅವರದೇ ಮುಖ, ಅರ್ಧ ಮಾತ್ರ, ಕಂದು ಕಲೆಗಳ ನಡುವಿನಿಂದ ಅವರನ್ನು ನೋಡಿ ನಗುತ್ತಿತ್ತು. ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. ಕುರ್ಚಿ ಬಿತ್ತು. ಹೆಂಗಸರ ಕಡೆ ಯಾರೋ ಕಿಸಕ್ಕೆಂದರು. ಆ ನಗು ಒಬ್ಬರಿಂದ ಒಬ್ಬರಿಗೆ ಹತ್ತಿ, ಮುದುಕಿಯರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನಾನು ನಗಲಿಲ್ಲ. ಕಂಬಳಿಯೊಳಗೆ ತಲೆ ಬಾಚಿಕೊಂಡ ಆ ಹುಡುಗಿ ನನ್ನ ಕಣ್ಣ ಮುಂದಿದ್ದಳು. ವೇದಿಕೆ ಹತ್ತಿದೆ.

‘ಬೀಗದ ಕೈ ಕೊಡ್ತೀರೋ, ಬ್ಯಾನರು ಕೈಗೆ ತಗೋತೀರೋ?’ ಎಂದೆ. ನನ್ನ ದನಿ ನಾಲ್ಕೂ ಮೂಲೆಯಿಂದ ನನಗೇ ವಾಪಸು ಕೇಳಿಸಿತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಇಷ್ಟು ಜನರೆದುರು ನಾನು ಗಂಡನಿಗೆ ಎರಡರಲ್ಲೊಂದು ಎಂದಿದ್ದೆ.

ಅವರು ನನ್ನನ್ನು ನೋಡಿದರು, ಆ ಗಂಟನ್ನು ನೋಡಿದರು, ಉಡಿದಾರದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಹಾಕಿದರು. ನನ್ನ ಕೈಗೆ ಕೊಡಲಿಲ್ಲ. ಕೊಟ್ಟರೆ ಅದಕ್ಕೂ ತೋರಿಕೆ ಆಗಬೇಕಲ್ಲ ಎಂಬ ಹೆದರಿಕೆಯಿರಬೇಕು.

ಅವತ್ತೇ ಕೋಣೆ ತೆರೆದೆವು. ನನ್ನ ಜತೆ ನಮ್ಮ ಬೀದಿಯ ಹೆಂಗಸರು ಬಂದರು, ಆಮೇಲೆ ಪಕ್ಕದ ಬೀದಿಯವರು. ನನ್ನ ನಾದಿನಿಯೂ ಬಂದಳು. ಯಾರೂ ಕರೆದಿರಲಿಲ್ಲ. ಪೊಟ್ಟಣಗಳನ್ನು ಟಾಕೀಸಿಗೆ ಹೊತ್ತುಕೊಂಡು ಹೋಗಿ ಕೊಟ್ಟೆವು. ಸಾವಂತ್ರವ್ವ ಒಂದನ್ನು ಬಿಡಿಸಿ, ಹಿಂದಿನ ಅಂಟು ಕಾಗದ ಸುಲಿದು, ಹಿಂದೆ ಮುಂದೆ ನೋಡಿ, ‘ಬೇಷ್ ಅದ. ಆದ್ರ ಇದನ್ನ ಎಲ್ಲಿ ಅಂಟಸೂದ್ರಿ? ಚಡ್ಡಿ ಎಲ್ಲಿ ಅದಾವ?’ ಎಂದಳು.

ಲಾರಿ ತುಂಬ ಘನತೆ ಬಂದಿತ್ತು. ಚಡ್ಡಿ ಹಾಕುವುದನ್ನು ಎಲ್ಲೋ ಒಂದು ದೊಡ್ಡ ಕಚೇರಿಯಲ್ಲಿ ಎಲ್ಲರೂ ಮರೆತಿದ್ದರು. ಹೋಗಲಿ, ಅದನ್ನೂ ಕೊಟ್ಟೆವು. ಊರು ಹುಟ್ಟಿದಾಗಿನಿಂದ ಯಾರೂ ದಾನ ಕೊಡದ ವಸ್ತು ಅದು. ಟಾಕೀಸಿನ ಹಿಂದಿನ ಅಂಗಳಕ್ಕೆ ತಡಿಕೆ ಕಟ್ಟಿಸಿ, ಹಗ್ಗ ಕಟ್ಟಿಸಿದೆವು. ಉಳಿದ ಬಟ್ಟೆಗಳು ಮೊದಲ ಬಾರಿ ಬಿಸಿಲು ಕಂಡವು. ಕಸ್ತೂರಿಯ ಜ್ವರ ಇಳಿಯಿತು. ಹುಣ್ಣು ಮಾಯಲು ತಡವಾಯಿತು, ಆದರೆ ಮಾಯಿತು.

ನನಗೆ ಸೀರೆಯ ಲೆಕ್ಕದಲ್ಲಿ ಆಗಲೇ ಬಿಕ್ಕಳಿಕೆ ಹಿಡಿದಿತ್ತು. ಮುಂದಿನ ಹುಣ್ಣಿಮೆಗೆ ಊರಿನ ಅರ್ಧ ಹೆಂಗಸರು ಬಿಕ್ಕಳಿಸತೊಡಗಿದರು. ಸಾವಂತ್ರವ್ವ ಒಂದು ದಿನ ನನ್ನನ್ನು ಬದಿಗೆ ಕರೆದು, ‘ಅಮ್ಮಾರ, ಒಳಗ ಬರ್ರಿ. ನಾವ್ ನಾವು ಹೆಣ್ಮಕ್ಕಳು, ತೋರಸ್ತಾರ ಯಾರಾರ ಒಬ್ಬರು. ನಿಮಗ ಯಾಕ ಈ ಸಂಕಟ?’ ಎಂದಳು. ‘ಬೇಡ’ ಎಂದೆ. ‘ನನಗೂ ಯಾರೂ ಇಂಥದ್ದು ತೋರಿಸು ಅಂದಿಲ್ಲ.’ ಬೇರೆ ಹೆಂಗಸರೂ ಹಾಗೇ ಅಂದರು. ಅಭ್ಯಾಸವಾದ ಮೇಲೆ ಬಿಕ್ಕಳಿಕೆ ಅಷ್ಟೇನೂ ಕಷ್ಟವಲ್ಲ. ಒಗ್ಗರಣೆಗೆ ಸಾಸಿವೆ ಹಾಕುವಾಗ ಮಾತ್ರ ಹುಷಾರಾಗಿರಬೇಕು.

ಕಷ್ಟವಾದದ್ದು ಗಂಡಸರಿಗೆ. ಹೈಸ್ಕೂಲಿನ ಹೆಡ್‌ಮಾಸ್ಟರು ತರಕಾರಿ ಸಂತೆಯಲ್ಲಿ ನನ್ನ ನಾದಿನಿ ಬಿಕ್ಕಳಿಸುವುದನ್ನು ಕೇಳಿ, ಅಭ್ಯಾಸಬಲದಿಂದ ‘ಏನ್ ಕೊಟ್ರಿ ತಾಯಿ?’ ಎಂದರು. ಅವಳು ಬದನೆಕಾಯಿ ಆರಿಸುತ್ತಲೇ, ‘ಮುಟ್ಟಿನ ಪ್ಯಾಡು, ಮೇಷ್ಟ್ರೇ’ ಎಂದಳು. ಅವರು ಚೀಲ ಅಲ್ಲೇ ಬಿಟ್ಟು ಹೋದರು. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ ಇದೇ ಆಯಿತು. ಕೆಂಪಣ್ಣನವರ ಹೆಂಡತಿ ಮೆತ್ತನೆ ಸ್ವಭಾವದವರು. ಅವರು ಮಾತ್ರ ‘ನಮ್ಮನೆಯವರು ಕೊಳಾಯಿಗೆ ಇಟ್ಟಿದ್ರಲ್ಲ, ಅದು’ ಎನ್ನುತ್ತಿದ್ದರಂತೆ. ಎರಡು ಮೂರು ತಿಂಗಳಲ್ಲಿ ನಮ್ಮೂರಿನ ಗಂಡಸರು ಬಿಕ್ಕಳಿಸುವ ಹೆಂಗಸನ್ನು ಕಂಡರೆ ಸುಮ್ಮನೆ ನೀರು ತಂದುಕೊಡಲು ಕಲಿತರು.

ಸಾವಂತ್ರವ್ವ ಬ್ಯಾನರಿನ ಉಳಿದ ತುಂಡುಗಳನ್ನೆಲ್ಲ ಒಂದು ಮಧ್ಯಾಹ್ನ ಅಂಗಳದಲ್ಲಿ ಸುಟ್ಟಳು. ಅದೇ ಹೊತ್ತಿಗೆ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಯಜಮಾನರು ಲೋಟ ಇಳಿಸಿ, ‘ನಿಂತಿತು ನೋಡೇ!’ ಎಂದರು. ಪರಿಹಾರ ಸಮಿತಿಗೆ ಅವರು ರಾಜೀನಾಮೆ ಕೊಟ್ಟಾಗಿತ್ತು. ಅತಿಥಿಗಳ ಠರಾವನ್ನು ಎತ್ತಿಹಿಡಿಯುವವರು ಯಾರೂ ಇಲ್ಲದೆ ಅದು ತಾನಾಗಿ ಬಿದ್ದುಹೋಯಿತು. ಸಾವಂತ್ರವ್ವ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕಾಯಿಸತೊಡಗಿದಳು, ಉಳಿದವರಿಗೂ ಅಲ್ಲಿ ಇಲ್ಲಿ ಕೆಲಸ ಸಿಕ್ಕಿತು. ತಮಗೆ ಬೇಕಾದ್ದನ್ನು ಅವರು ತಾವೇ ಅಂಗಡಿಯಲ್ಲಿ ಕೇಳಿ ಕೊಳ್ಳತೊಡಗಿದರು.

ವರ್ಷ ಕಳೆದ ಮೇಲೆ ಮಾಳವಿಕಾ ಮೇಡಂ ಮತ್ತೆ ಬಂದರು. ಸಮಿತಿಯವರು ಯಾರೂ ಎದುರಿಗೆ ಬಾರದ್ದರಿಂದ ನಾನೇ ಟಾಕೀಸಿಗೆ ಕರೆದುಕೊಂಡು ಹೋದೆ. ತಡಿಕೆಯ ಅಂಗಳ ನೋಡಿ ಅವರಿಗೆ ನಿಜವಾಗಿಯೂ ಖುಷಿಯಾಯಿತು. ಚಡ್ಡಿಯ ವಿಷಯ ಹೇಳಿದಾಗ ನಾಚಿಕೆಯೂ ಆಯಿತು, ಹಣೆ ಚಚ್ಚಿಕೊಂಡರು. ಕೆಟ್ಟ ಹುಡುಗಿಯಲ್ಲ. ಆಮೇಲೆ ಒಳಗೆ ಬಂದು ಚೀಲದಿಂದ ಕ್ಯಾಮೆರಾ ತೆಗೆದು, ‘ಒಬ್ಬ ಹುಡುಗಿ ಬೇಕಿತ್ತು. ಕೈಯಲ್ಲಿ ಪ್ಯಾಡಿನ ಪೊಟ್ಟಣ ಹಿಡ್ಕೊಂಡು ನಗ್ತಾ ನಿಲ್ಲಬೇಕು, ಅಷ್ಟೇ’ ಎಂದರು.

‘ಯಾಕೆ?’ ಎಂದೆ.

‘ಹಣ ಕೊಟ್ಟವರಿಗೆ ಕಳಿಸಬೇಕು. ಅವರು ಕೇಳ್ತಾರೆ.’

‘ನಿಮ್ಮ ಕಡೆಯವರಿಗೂ ಬಿಕ್ಕಳಿಕೆ ಇದೆಯೇನಮ್ಮ?’

ಮೇಡಂಗೆ ಅರ್ಥವಾಗಲಿಲ್ಲ. ‘ಇಲ್ವಲ್ಲ. ಯಾಕೆ?’ ಎಂದರು.

ಕಸ್ತೂರಿ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆ ವರ್ಷದಲ್ಲಿ ಗೇಣುದ್ದ ಎತ್ತರ ಬೆಳೆದಿದ್ದಳು. ಮುಂದೆ ಬಂದು, ‘ನಾ ನಿಲ್ತೀನ್ರಿ’ ಎಂದಳು. ಮೇಡಂ ಮುಖ ಅರಳಿತು. ಪೊಟ್ಟಣವನ್ನು ಅವಳ ಕೈಗಿಟ್ಟರು.

‘ಆದ್ರ ಹೆಂಗ ನಿಲ್ಲಬೇಕು ಅಂತ ನನಗ ಗೊತ್ತಿಲ್ಲ’ ಎಂದಳು ಕಸ್ತೂರಿ. ‘ಮೊದಲ ನೀವು ನಿಂತು ತೋರಸ್ರಿ ಅಕ್ಕಾರ. ನಾ ತಗೀತೀನಿ.’

ಮೇಡಂ ನನ್ನ ಕಡೆ ನೋಡಿದರು. ನಾನು ಸೂರು ನೋಡಿದೆ. ಕಸ್ತೂರಿ ಕ್ಯಾಮೆರಾ ಇಸಿದುಕೊಂಡು ಪೊಟ್ಟಣವನ್ನು ಅವರ ಕೈಗೆ ಮರಳಿಸಿದಳು. ಬೇರೆ ದಾರಿಯಿಲ್ಲದೆ ಮೇಡಂ ಗೋಡೆಗೆ ಒರಗಿ ನಿಂತರು. ಪೊಟ್ಟಣವನ್ನು ಎದೆಯ ಮಟ್ಟಕ್ಕೆ ಎತ್ತಿದರು, ಅದೇಕೋ ಸೊಂಟಕ್ಕೆ ಇಳಿಸಿದರು, ಎರಡೂ ಅಂಗೈಗಳಿಂದ ಅದರ ಹೆಸರನ್ನು ಮುಚ್ಚಿಕೊಂಡರು. ಕುತ್ತಿಗೆಯಿಂದ ಕೆಂಪು ಏರಿ ಬರುತ್ತಿತ್ತು. ಅಂಗಳದ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದರು.

ಕಸ್ತೂರಿ ಒಂದು ಕಣ್ಣು ಮುಚ್ಚಿ ಕ್ಯಾಮೆರಾದೊಳಗೆ ನೋಡಿದಳು. ಯಾವ ಅವಸರವನ್ನೂ ಮಾಡಲಿಲ್ಲ.

‘ಕೈ ಅಡ್ಡ ಬಂದದ್ರಿ, ಸರಸ್ರಿ’ ಎಂದಳು. ‘ಹಾಂ. ಈಗ ಸ್ವಲ್ಪ ನಗ್ರಿ.’